ಬಣ್ಣದ ಉಗುರಿನ ಆರೋಗ್ಯ ಮಂತ್ರಿ

ಮತ ಬಿದ್ದದ್ದು ನನಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಜೊತೆ ಓದಿದವರು ಯಾರದಾದರೂ ಮದುವೆಯಲ್ಲಿ ಸಿಕ್ಕರೆ, ನಮ್ಮ ಶಾಲೆಯ ಮೊದಲ ಆರೋಗ್ಯ ಮಂತ್ರಿ ಯಾರಿದ್ದರು ಎಂಬ ಮಾತು ಬಂದಾಗ, ಬೇರೊಬ್ಬಳ ಹೆಸರು ಹೇಳುತ್ತಾರೆ. ನಾನು ಸುಮ್ಮನೆ ಬಿಡುವವಳಲ್ಲ. ಊಟಕ್ಕೆ ಕೂತಲ್ಲೇ ತಿದ್ದುತ್ತೇನೆ.

ಎಪ್ಪತ್ತರ ದಶಕದ ಮಾತು. ನವಲಗುಂದ ಸೀಮೆಯ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಗೆ ಹೊಸ ಅಕ್ಕೋರು ಬಂದರು. ಕಲಿಸುವ ಹೆಂಗಸರನ್ನು ನಾವು ಕರೆಯುತ್ತಿದ್ದದ್ದೇ ಹಾಗೆ. ಧಾರವಾಡದಲ್ಲಿ ಅದೇನೋ ತರಬೇತಿ ಮುಗಿಸಿಕೊಂಡು ಬಂದಿದ್ದರು. ಬರೀ ಪಾಠದಿಂದ ಹುಡುಗಿಯರು ಮುಂದೆ ಬರುವುದಿಲ್ಲವೆಂದು ಶನಿವಾರ ಬಾಲಸಭೆ ಶುರು ಮಾಡಿದರು, ಗೋಡೆಗೆ ಅಂಟಿಸುವ ಪತ್ರಿಕೆ ಬರೆಸಿದರು, ಶಾಲೆಯ ಬಾಜು ಬದನೆ ಸಸಿ ಹಚ್ಚಿಸಿದರು. ಆಮೇಲೆ ಶಾಲಾ ಮಂತ್ರಿಮಂಡಳ ಬಂತು.

ಪ್ರಧಾನಮಂತ್ರಿಯಾಗಲು ಯಾರಿಗೂ ಅಂಥ ಆಸೆಯಿರಲಿಲ್ಲ. ಪ್ರಾರ್ಥನೆ ಹೇಳಿಸುವುದು ಬಿಟ್ಟರೆ ಅವಳಿಗೆ ಕೆಲಸವಿರಲಿಲ್ಲ. ಎಲ್ಲರ ಕಣ್ಣೂ ಆರೋಗ್ಯ ಮಂತ್ರಿಯ ಪದವಿಯ ಮೇಲೆ. ಅವಳ ಕೈಗೆ ಒಂದು ಸಣ್ಣ ಕತ್ತರಿ ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಎಲ್ಲ ಹುಡುಗಿಯರೂ ಸಾಲಾಗಿ ನಿಂತು ಕೈ ಮುಂದೆ ಚಾಚಬೇಕು, ಅವಳು ಒಬ್ಬೊಬ್ಬರ ಉಗುರು ನೋಡುತ್ತ ಹೋಗಬೇಕು. ಹೊಲಸು ಉಗುರಿನವರು ಪ್ರಾರ್ಥನೆ ಮುಗಿಯುವವರೆಗೆ ಬೇರೆ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ ನಿಲ್ಲಬೇಕು. ಆ ಪದವಿಗೆ ನನಗೂ ಶಲವಡಿಯಿಂದ ಅಜ್ಜನ ಮನೆಗೆ ಓದಲು ಬಂದಿದ್ದ ಒಬ್ಬಳಿಗೂ ಪೈಪೋಟಿ ಬಿತ್ತು. ಎರಡು ಗಡಿಗೆ ಇಟ್ಟರು, ಹುಡುಗಿಯರು ತಮಗೆ ಬೇಕಾದವಳ ಗಡಿಗೆಗೆ ಹುಣಸೆಬೀಜ ಹಾಕಿದರು. ನನ್ನ ಗಡಿಗೆ ಅರ್ಧ ತುಂಬಿತು. ಅವಳದರ ತಳ ಕಾಣುತ್ತಿತ್ತು.

ಬ್ಯಾಡ್ಜ್ ಹಚ್ಚಲು ಅಕ್ಕೋರು ನನ್ನನ್ನು ಮುಂದೆ ಕರೆದರು. ಪಿನ್ನು ಹಿಡಿ ಎಂದು ಕೊಡುವಾಗ ಅವರ ಕಣ್ಣು ನನ್ನ ಬೆರಳ ಮೇಲೆ ಬಿತ್ತು.

"ಇದೇನಬೇ ಇದು?"

"ಬಣ್ಣ ರೀ. ನೂಲಿಗೆ ಹಾಕೂದು."

ನಮ್ಮದು ಜಮಖಾನೆ ನೇಯುವ ಮನೆ. ಓಣಿಯ ನಮ್ಮಂಥ ಮುಸಲ್ಮಾನರ ಮನೆಗಳಲ್ಲಿ ಹೆಂಗಸರೇ ನೇಯುತ್ತಿದ್ದರು. ಸೊಸೆಯರಿಗೆ ಕಲಿಸುತ್ತಿದ್ದರು, ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಮಾತ್ರ ಮಗ್ಗ ಮುಟ್ಟಲು ಬಿಡುತ್ತಿರಲಿಲ್ಲ. ಮದುವೆಯಾಗಿ ಹೋಗುವವಳು ಕಸಬನ್ನೂ ಒಯ್ದುಬಿಟ್ಟಾಳು ಎಂಬ ಹೆದರಿಕೆ. ನಮಗೆ ಉಳಿದದ್ದು ಬಣ್ಣದ ಕೆಲಸ. ಕುದಿಯುವ ಬಣ್ಣದಿಂದ ಎತ್ತಿದ ನೂಲಿನ ಲಡಿಗಳನ್ನು ಹಿಂಡಿ ಹಿಂಡಿ ನನ್ನ ಉಗುರುಗಳು ಕೆಂಪಗಾಗಿದ್ದವು, ಅಂಚಿನಲ್ಲಿ ಹಸಿರೂ ಇತ್ತು.

"ಆರೋಗ್ಯ ಮಂತ್ರಿ ಉಗುರ ಹಿಂಗಿದ್ರ ಉಳದವ್ರಿಗೆ ಏನ್ ಹೇಳ್ತಿ ನೀ?" ಎಂದರು ಅಕ್ಕೋರು. "ಚೊಲೋತ್ನ್ಯಾಗ ತಿಕ್ಕೊಂಡು ಬಾ. ಸ್ವಚ್ಛ ಆದ ಮ್ಯಾಲೆ ಬ್ಯಾಡ್ಜ್ ಕೊಡ್ತೀನಿ." ಅಲ್ಲಿಯವರೆಗೆ ಎಂದು ಕತ್ತರಿಯನ್ನು ಶಲವಡಿಯವಳ ಕೈಗೆ ಕೊಟ್ಟರು.

ಮನೆಗೆ ಬಂದವಳೇ ತಿಕ್ಕಲು ಕೂತೆ. ಬೂದಿ, ನಿಂಬೆ, ಸೀಮೆಎಣ್ಣೆ, ಕೊನೆಗೆ ಗೋಡೆಯ ಇಟ್ಟಂಗಿ ಚೂರು. ಚರ್ಮ ಸುಲಿದು ರಕ್ತ ಬಂತೇ ಹೊರತು ಬಣ್ಣ ಹೋಗಲಿಲ್ಲ. ಅಮ್ಮ ನೋಡಿ ನನ್ನ ಕೈಯಿಂದ ಇಟ್ಟಂಗಿ ಕಿತ್ತುಕೊಂಡಳು.

"ತೊಳದ್ರ ಹೋಗು ಬಣ್ಣಾ ಹಾಕಿದ್ರ ನಮ್ಮ ಜಮಖಾನಿ ಯಾರ್ ತಗೋತಾರ?" ಎಂದಳು. ಆ ಮಾತಿನಲ್ಲಿ ಅವಳಿಗೆ ಹೆಮ್ಮೆಯಿತ್ತು. ನನಗೆ ಆಗ ಅದು ಕೇಳಿಸಲಿಲ್ಲ. ಅಳುತ್ತ ಕೂತಿದ್ದೆ.

ಮುಂದಿನ ಸೋಮವಾರ ನನ್ನನ್ನು ಹೊಲಸು ಸಾಲಿನಲ್ಲಿ ನಿಲ್ಲಿಸಿದರು. ಅರ್ಧ ಗಡಿಗೆ ಬೀಜ ಬಿದ್ದವಳು ನಾನು, ನಿಂತದ್ದು ಅಲ್ಲಿ. ಅದರ ಮುಂದಿನ ಸೋಮವಾರವೂ ಅದೇ. ನಾನು ಬಾಯಿ ಬಿಡಲಿಲ್ಲ. ಇನ್ನೊಂದಿಷ್ಟು ದಿನ ಬಣ್ಣ ಮುಟ್ಟದಿದ್ದರೆ ಉಗುರು ಬೆಳೆದು ಬೆಳ್ಳಗಾದೀತು, ಬ್ಯಾಡ್ಜ್ ಸಿಕ್ಕೀತು ಎಂಬ ಲೆಕ್ಕಾಚಾರದಲ್ಲಿದ್ದೆ. ನನ್ನದಷ್ಟೇ ನೋಡಿಕೊಂಡೆ. ನಮ್ಮ ಓಣಿಯಿಂದ ಶಾಲೆಗೆ ಬರುತ್ತಿದ್ದ ಇನ್ನೂ ನಾಲ್ವರು ನನಗಿಂತ ಸಣ್ಣವರು, ಅವರದೂ ಬಣ್ಣದ ಕೈಗಳೇ. ಮಂತ್ರಿಯಾದವಳಿಗೇ ಈ ಗತಿ ಎಂದು ಕಂಡದ್ದೇ ಅವರು ಸೋಮವಾರ ಶಾಲೆ ತಪ್ಪಿಸತೊಡಗಿದರು. ಆಮೇಲೆ ಮಂಗಳವಾರವನ್ನೂ ತಪ್ಪಿಸಿದರು, ಕೊನೆಗೆ ಬರುವುದನ್ನೇ ಬಿಟ್ಟರು.

ಮೂರನೆಯ ಸೋಮವಾರ ಪಂಚಮಿ ಹಬ್ಬ ಮುಗಿದು ಎರಡು ದಿನವಾಗಿತ್ತು. ಜೋಕಾಲಿ ಆಡಿ, ಉಂಡಿ ತಿಂದು, ಕೈತುಂಬ ಮದರಂಗಿ ಹಚ್ಚಿಕೊಂಡು ಹುಡುಗಿಯರು ಬಂದಿದ್ದರು. ಕತ್ತರಿ ಹಿಡಿದ ಶಲವಡಿಯವಳು ಸಾಲಿನುದ್ದಕ್ಕೂ ಬಂದಳು. ಕೆಂಪು ಉಗುರುಗಳು, ಒಂದಾದ ಮೇಲೊಂದು. ಯಾರನ್ನೂ ಬೇರೆ ನಿಲ್ಲಿಸಲಿಲ್ಲ. ಒಬ್ಬಳ ಮದರಂಗಿ ಅಗದಿ ಚೆನ್ನಾಗಿ ಹತ್ತಿದೆ ಎಂದು ಅಕ್ಕೋರೇ ಹೊಗಳಿದರು. ನನ್ನ ಮುಂದೆ ಬಂದು ಶಲವಡಿಯವಳು ಹೊಲಸು ಸಾಲಿನತ್ತ ಬೆರಳು ತೋರಿಸಿದಳು. ಆ ಬೆರಳಿನ ಉಗುರೂ ಕೆಂಪಗಿತ್ತು.

ನಾನು ಕದಲಲಿಲ್ಲ.

"ಹೋಗಬೇ," ಎಂದಳು ಅವಳು.

"ನಿನ್ನ ಉಗುರೂ ಕೆಂಪ ಐತಿ. ಮೊದಲ ನೀ ಹೋಗಿ ನಿಂದ್ರು, ನಿನ್ನ ಬಾಜು ನಾ ಬಂದು ನಿಂದರ್ತೀನಿ."

ಪ್ರಾರ್ಥನೆಗೆ ನಿಂತ ಹುಡುಗಿಯರೆಲ್ಲ ಇತ್ತ ತಿರುಗಿದರು. ಅಕ್ಕೋರು ಬೆತ್ತ ಹಿಡಿದು ಬಂದರು. "ಅದು ಹಬ್ಬದ್ದಬೇ. ನಿಂದ ಬ್ಯಾರೆ."

"ಏನ್ ಬ್ಯಾರೆ ಹೇಳ್ರಿ ಅಕ್ಕೋರ. ಅದೂ ತಿಕ್ಕಿದ್ರ ಹೋಗೂದಿಲ್ಲ, ಇದೂ ಹೋಗೂದಿಲ್ಲ. ಆಕಿ ಚಂದಕ್ಕ ಹಚ್ಚಿಕೊಂಡಾಳ, ನಾವು ದುಡ್ಯಾಕ ಹಚ್ಚಿಕೊಂಡೀವಿ. ನಮ್ಮ ಮನಿ ಜಮಖಾನಿ ಮ್ಯಾಲೆ ಶಾಲಿ ನೋಡಾಕ ಬರೂ ಸಾಹೇಬರ್ನ ಕುಂಡ್ರಸ್ತೀರಿ. ಅದು ಹೊಲಸಲ್ಲ, ನಾ ಹೊಲಸೇನ್ರಿ?"

"ಕೈ ಚಾಚು," ಎಂದರು.

ಪೆಟ್ಟು ತಿನ್ನಲು ಅಂಗೈ ಮೇಲೆ ಮಾಡಿ ಚಾಚಬೇಕು. ನಾನು ಉಗುರು ಮೇಲೆ ಮಾಡಿ ಚಾಚಿದೆ. ಹೊಡೆಯುವುದಿದ್ದರೆ ಇದನ್ನೇ ಹೊಡೆಯಲಿ ಎಂದು. ಬೆತ್ತ ಮೇಲೆ ಹೋಯಿತು, ಅಲ್ಲೇ ನಿಂತಿತು. ಉಗುರಿನ ಸುತ್ತ ಇಟ್ಟಂಗಿ ಸುಲಿದ ಗಾಯ ಇನ್ನೂ ಮಾಗಿರಲಿಲ್ಲ.

"ಇದೇನಾತು?"

"ನೀವ ತಿಕ್ಕು ಅಂದಿದ್ರಲ್ಲರಿ."

ಅಕ್ಕೋರು ನನ್ನ ಕೈ ಹಿಡಿದು ಒಂದೊಂದೇ ಬೆರಳು ನೋಡಿದರು. ಹೊಡೆಯಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ. ಒಳಗೆ ಹೋಗಿ ಬ್ಯಾಡ್ಜ್ ತಂದು, ತಾವೇ ನನ್ನ ಅಂಗಿಗೆ ಪಿನ್ನು ಹಚ್ಚಿ, ಆ ಹುಡುಗಿಯ ಕೈಯಿಂದ ಕತ್ತರಿ ಇಸಿದುಕೊಂಡು ನನಗೆ ಕೊಟ್ಟರು. "ಹೂಂ, ನೋಡ್ಕೊಂತ ಹೋಗು," ಎಂದಷ್ಟೇ ಹೇಳಿ ಆಫೀಸು ಕೋಣೆಗೆ ನಡೆದರು. ನಾನು ಮೊದಲ ಹುಡುಗಿಯಿಂದ ಶುರು ಮಾಡಿದೆ. ಉಗುರಿನ ಮೇಲಿನ ಬಣ್ಣ ನೋಡಲಿಲ್ಲ, ಒಳಗಿನ ಮಣ್ಣು ನೋಡಿದೆ. ಆವತ್ತು ಬೇರೆ ಸಾಲಿನಲ್ಲಿ ನಿಂತವರಲ್ಲಿ ಮದರಂಗಿಯವರೇ ಐದು ಜನ. ನನಗೇನೂ ಪಾಪವೆನಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕೇಳುವವರಿಗೆ ಖುಷಿ. ಹಾಗಾಗಿಯೇ ಹಲವರು ಇಲ್ಲಿಯವರೆಗೆ ಕೇಳಿ ಚಪ್ಪಾಳೆ ತಟ್ಟುತ್ತಾರೆ, ಆ ಅಕ್ಕೋರು ದೊಡ್ಡ ಮನಸ್ಸಿನವರು ಎನ್ನುತ್ತಾರೆ.

ಅದೇ ಸಂಜೆ ಬ್ಯಾಡ್ಜ್ ಹಚ್ಚಿಕೊಂಡೇ ನಮ್ಮ ಓಣಿಯ ನಾಲ್ಕೂ ಮನೆಗಳಿಗೆ ಹೋದೆ. ಇನ್ನು ಕೈ ನೋಡುವವಳು ನಾನೇ, ನಾಳೆಯಿಂದ ಬರ್ರಿ ಎಂದೆ. ಇಬ್ಬರು ಬಂದರು. ಉಳಿದಿಬ್ಬರ ಮನೆಯಲ್ಲಿ, ಹುಡುಗಿ ಹೇಗೂ ಶಾಲೆ ಬಿಟ್ಟಿದ್ದಾಳೆ, ಮನೆಗೆಲಸಕ್ಕೆ ಆಸರಾದಳು ಎಂದರು. ಒಬ್ಬಳು ಹಿಂಡುತ್ತಿದ್ದ ಲಡಿ ಕೆಳಗಿಟ್ಟು ಎದ್ದು ನಿಂತಳು, ಅವಳ ತಾಯಿ ಕೂಡು ಎಂದಳು, ಕೂತಳು. ಎರಡನೇ ಇಯತ್ತೆಗೇ ಅವಳ ಓದು ಮುಗಿಯಿತು. ಮೊದಲ ಸೋಮವಾರವೇ ನಾನು ಬಾಯಿ ಬಿಟ್ಟಿದ್ದರೆ ಅವಳು ಮನೆಯಲ್ಲಿ ಉಳಿಯುತ್ತಿರಲಿಲ್ಲ. ಅದಕ್ಕೆ ನನ್ನ ಮೇಲೂ ಸಿಟ್ಟಿದೆ. ಆದರೆ ನಾನಾಗ ಹನ್ನೆರಡರವಳು, ಅಕ್ಕೋರು ದೊಡ್ಡವರಾಗಿದ್ದರು. ಅವರನ್ನು ನಾನು ಕ್ಷಮಿಸಿಲ್ಲ.