ಮೂರನೇ ಅಂಕದ ದೂತೆ

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹನ್ನೊಂದು ಮೆಷಿನ್‌ಗಳಿದ್ದವು. ಹನ್ನೊಂದರ ಮುಂದೆಯೂ ಹೊಲಿಯುವವರೇ ಕೂತಿದ್ದರೂ ಟೈಲರಮ್ಮ ಎಂಬ ಹೆಸರು ಅಂಟಿಕೊಂಡಿದ್ದು ಕಿಟಕಿ ಪಕ್ಕದವಳೊಬ್ಬಳಿಗೇ. ಹರಿದ ಹೊದಿಕೆ ಅವಳ ಕೈಗೆ ಹೋದರೆ ಎಲ್ಲಿ ಹರಿದಿತ್ತು ಎಂದು ದೀಪ ಹಿಡಿದು ಹುಡುಕಬೇಕಿತ್ತು. ಮುಚ್ಚಿ ಹೊಲಿಯುವುದು ಅವಳ ಕೈಗುಣ. ವಯಸ್ಸು ನಲವತ್ತೆರಡು, ಮದುವೆಯಿಲ್ಲ, ಮನೆಯಲ್ಲಿ ತಾಯಿಯೊಬ್ಬಳೇ. ತಮ್ಮ ದೂರದ ಬಂದರಿನಲ್ಲಿ ಹೂಳೆತ್ತುವ ದೋಣಿಯ ಮೇಲೆ ಕೆಲಸಕ್ಕಿದ್ದ.

ಎಂಟು ತಿಂಗಳ ಹಿಂದೆ ಆ ಬಂದರಿನಿಂದ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು, ಟೈಪ್ ಮಾಡಿದ್ದು, ಕೆಳಗೆ ಸೀಲು. ತಾಯಿಗೆ ಯಾವ ಭಾಷೆಯ ಅಕ್ಷರವೂ ಬಾರದು; ಮಗಳಿಗೆ ಇಂಗ್ಲಿಷ್ ಬಾರದು. ಸೀಲು ಇದೆಯೆಂದ ಮೇಲೆ ಒಳ್ಳೆಯದೇ ಇರಬೇಕು, ಅವನಿಗೆ ರಜ ಸಿಕ್ಕಿರಬೇಕು ಎಂದು ಇಬ್ಬರೂ ಕೂಡಿ ತೀರ್ಮಾನಿಸಿದರು. ತಾಯಿ ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದಳು. ಮಗಳು ಕಾಗದವನ್ನು ಮೂರು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದಳು. ನಾಲ್ಕನೇ ದಿನ ಆಸ್ಪತ್ರೆಯ ದಫ್ತರದ ಗುಮಾಸ್ತರ ಮುಂದೆ ಹಿಡಿದಾಗ ಅವರು ಓದಿ, ಮಡಚಿ, ಮೊದಲು ಒಂದು ಲೋಟ ನೀರು ತಂದುಕೊಟ್ಟರು. ಆಮೇಲೆ ಹೇಳಿದರು. ಗಾಳಿಗೆ ದೋಣಿ ಮಗುಚಿತ್ತು. ಒಂಬತ್ತು ದಿನ ಹುಡುಕಿದರೂ ತಮ್ಮ ಸಿಕ್ಕಿರಲಿಲ್ಲ.

ಅವತ್ತು ಮನೆಗೆ ಬಂದಾಗ ತಾಯಿ, ಏನಂತೆ, ಯಾವಾಗ ಬರ್ತಾನಂತೆ ಎಂದು ಕೇಳಿದಳು. ಹೇಳಬೇಕೆಂದೇ ಬಾಯಿ ತೆರೆದ ಟೈಲರಮ್ಮನ ನಾಲಿಗೆ ಬೇರೆಯದೇ ಹೇಳಿತು. ಕೆಲಸ ಜಾಸ್ತಿಯಂತೆ, ಈ ಸಲ ಬರಲಿಕ್ಕೆ ಆಗಲ್ಲವಂತೆ.

ಒಂದು ಸುಳ್ಳಿಗೇ ನಿಂತಿದ್ದರೆ ಆಗುತ್ತಿತ್ತು. ಆದರೆ ಮುಂದಿನ ತಿಂಗಳು ತಾಯಿ ಮತ್ತೆ ಕಾಗದ ಕೇಳಿದಳು. ಟೈಲರಮ್ಮ ಅದೇ ಕಾಗದವನ್ನು ಚೀಲದಿಂದ ತೆಗೆದು, ಹೊಸದು ಬಂತು, ಗುಮಾಸ್ತರ ಕೈಲಿ ಓದಿಸಿಕೊಂಡೆ ಎಂದು ಸಾಲುಗಳ ಮೇಲೆ ಬೆರಳಾಡಿಸುತ್ತ, ಹೊಸದಾಗಿ ಓದಿದಳು. ಹೀಗೆ ಎಂಟು ಸಲ. ಆ ಎಂಟು ತಿಂಗಳಲ್ಲಿ ತಮ್ಮನಿಗೆ ಕೆಮ್ಮು ಬಂತು, ವಾಸಿಯಾಯಿತು, ಮೀಸೆ ಬಿಟ್ಟ, ದೊಡ್ಡ ದೋಣಿಗೆ ಬದಲಾದ. ಬದುಕಿದ್ದಾಗ ವರ್ಷಕ್ಕೊಂದು ಕಾಗದ ಹಾಕಲು ಮೈಗಳ್ಳತನ ಮಾಡುತ್ತಿದ್ದವನು ಸತ್ತ ಮೇಲೆ ಬಹಳ ಒಳ್ಳೆಯ ಮಗನಾದ.

ಟೈಲರಮ್ಮನನ್ನು ಕಾಡುತ್ತಿದ್ದುದು ಇನ್ನೊಂದು ಸಂಗತಿ. ತಮ್ಮನ ಸಾವನ್ನು ಮೂರು ದಿನ ಚೀಲದಲ್ಲಿಟ್ಟುಕೊಂಡು ತಾನು ನಗುನಗುತ್ತ ತಿರುಗಿದ್ದಳಲ್ಲ! ಇನ್ನೆಂದೂ ತನ್ನ ಮನೆಯ ಕಾಗದವನ್ನು ಬೇರೆಯವರ ಬಾಯಲ್ಲಿ ಕೇಳಬಾರದು ಎಂದು ಹಟ ಹುಟ್ಟಿತು. ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಇಂಗ್ಲಿಷ್ ತರಗತಿಗೆ ಹೆಸರು ಬರೆಸಿದಳು.

ಕಲಿಸುವವರು ನಿವೃತ್ತ ಮೇಡಂ. ಕಲಿಯುವವರು ಏಳು ಜನ, ಎಲ್ಲರೂ ದುಡಿದು ದಣಿದವರು. ಕೆಳಗಿನ ಇಸ್ತ್ರಿಯ ಬಿಸಿ ನೆಲದಿಂದ ಏರಿ ಬಂದು ಅರ್ಧ ಜನಕ್ಕೆ ತೂಕಡಿಕೆ ತರಿಸುತ್ತಿತ್ತು. ಎರಡು ತಿಂಗಳು ಕೌಂಟರು, ಟಿಕೆಟ್ಟು, ಔಷಧಿ ಚೀಟಿ ಎಂದು ಕಲಿಸಿದ ಮೇಡಂ ಒಂದು ದಿನ ಏಳು ತೆಳು ಪುಸ್ತಕ ತಂದು ಹಂಚಿದರು. ಮುನ್ನೂರು ವರ್ಷ ಹಳೆಯ ನಾಟಕ. ರಾಜ, ರಾಣಿ, ಸಂಧಾನಕ್ಕೆಂದು ಸಮುದ್ರ ದಾಟಿ ಹೋದ ರಾಜಕುಮಾರ. ಕಲಿಯಲು ಬರುತ್ತಿದ್ದ ಬೇಕರಿಯವನಿಗೆ ಸಿಟ್ಟು ಬಂತು. ನಮಗೆ ಬೇಕಿರೋದು ಅಂಗಡಿ ಇಂಗ್ಲಿಷು, ಸತ್ತ ರಾಜರ ಇಂಗ್ಲಿಷಲ್ಲ ಎಂದ.

"ಅಂಗಡಿಗೆ ಬೇಕಾಗೋದು ಇಪ್ಪತ್ತು ಮಾತು, ಅದು ನಿಮಗೆ ಬಂದಾಯ್ತು," ಎಂದರು ಮೇಡಂ. "ಮನುಷ್ಯರಿಗೆ ಹೇಳಬೇಕಾದ್ದು ಏನಾದ್ರೂ ಇದ್ರೆ, ಅದಕ್ಕೆ ಇದು."

ಅವರದು ಎರಡು ನಿಯಮ. ಪ್ರತಿ ಮಾತನ್ನೂ ಮೊದಲು ಮನೆಮಾತಿನಲ್ಲಿ ಹೇಳಬೇಕು, ಆಮೇಲೆ ಇಂಗ್ಲಿಷಿನಲ್ಲಿ. ಮತ್ತೆ, ಅಭ್ಯಾಸ ಮಾಡುವಾಗ ಗೋಡೆಗೆ ಹೇಳಬಾರದು. ಯಾರದಾದರೂ ಮುಖ ನೋಡಿ ಹೇಳಬೇಕು. ಪಾತ್ರಗಳನ್ನು ಚೀಟಿ ಎತ್ತಿ ಹಂಚಿದರು. ಬಸ್ ತೊಳೆಯುವವನು ರಾಜನಾಗಿ ಆ ದಿನವಿಡೀ ಬೆನ್ನು ನೆಟ್ಟಗೆ ಮಾಡಿಕೊಂಡೇ ನಡೆದ. ಲಾಂಡ್ರಿಯ ಹೆಂಗಸು ರಾಣಿ. ಟೈಲರಮ್ಮನಿಗೆ ಬಂದದ್ದು ಮೂರನೇ ಅಂಕದ ದೂತೆ. ಬಾಗಿಲಲ್ಲಿ ನಿಂತು ರಾಣಿಗೆ ಸುದ್ದಿ ಹೇಳಿ ಹೋಗುವ ಪಾತ್ರ. ದೋಣಿ ಬಂತು ತಾಯಿ, ನಿನ್ನ ಮಗ ಬರಲಿಲ್ಲ, ಸಮುದ್ರ ಅವನನ್ನು ತನ್ನಲ್ಲೇ ಇಟ್ಟುಕೊಂಡಿತು. ರಾಣಿ ಅಳುವುದಿಲ್ಲ, ನೀರು ತಣ್ಣಗಿತ್ತೇ ಎಂದು ಮಾತ್ರ ಕೇಳುತ್ತಾಳೆ. ಇಲ್ಲ ತಾಯಿ, ಬೆಚ್ಚಗಿತ್ತು ಎಂದು ದೂತೆ ಸುಳ್ಳು ಹೇಳುತ್ತಾಳೆ.

ಇಂಗ್ಲಿಷಿನಲ್ಲಿ ಟೈಲರಮ್ಮ ಒಂದೇ ವಾರದಲ್ಲಿ ಒಪ್ಪಿಸಿಬಿಟ್ಟಳು. ಇಂಗ್ಲಿಷಿನ ಸಾವು ಬೇರೆ ಯಾರದೋ ಮನೆಯ ಸಾವು. ಮನೆಮಾತಿನಲ್ಲಿ ಹೇಳು ಎಂದಾಗ ಮಾತ್ರ, ನಮ್ಮ ಭಾಷೆಯಲ್ಲಿ ಇದಕ್ಕೆ ಮಾತಿಲ್ಲ ಮೇಡಂ ಎಂದುಬಿಟ್ಟಳು. ಸಾವಿಗೆ ಮಾತಿಲ್ಲದ ಭಾಷೆ ಯಾವ ಲೋಕದ್ದಪ್ಪ ಎಂದು ಬೇಕರಿಯವನು ನಕ್ಕ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಪಾಪ.

ಎರಡನೇ ನಿಯಮವನ್ನಾದರೂ ಪಾಲಿಸೋಣ ಎಂದುಕೊಂಡಳು. ಮನೆಯಲ್ಲಿ ಇದ್ದದ್ದು ಒಂದೇ ಮುಖ. ಕೆಲಸದಿಂದ ಬಂದವಳೇ ಬಾಗಿಲಲ್ಲಿ ನಿಂತು, ಮಂಚದ ಮೇಲೆ ಕೂತ ತಾಯಿಯ ಮುಖ ನೋಡಿ, ನಿನ್ನ ಮಗ ಬರಲಿಲ್ಲ ಎಂದು ದಿನಾ ಸಂಜೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅವಳಿಗೆ ಆಗ ಹಾಗನ್ನಿಸಲಿಲ್ಲ. ಹೇಳಿದ ಹಾಗೂ ಆಗುತ್ತಿತ್ತು, ಹೇಳದ ಹಾಗೂ ಆಗುತ್ತಿತ್ತು. ಹೇಳಿ ಮುಗಿಸಿದ ರಾತ್ರಿ ನಿದ್ದೆ ಬರುತ್ತಿತ್ತು.

ತಾಯಿಗೆ ಇದು ಒಳ್ಳೆಯ ಹೊತ್ತುಗಳೆಯುವ ಆಟವಾಯಿತು. ರಾಣಿಯ ಆ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡಿದಳು. ನಾನು ಕೇಳೋದು ಏನೇ ಎಂದಾಗ, ನೀರು ತಣ್ಣಗಿತ್ತಾ ಅಂತ, ಎಂದು ಮಗಳು ನಿಜವನ್ನೇ ಹೇಳಿದಳು. ನೀನು ಹೇಳೋದೇನು ಎಂದಾಗ, ದೋಣಿ ಬರೋದು ತಡವಾಗತ್ತೆ ಅಂತ, ಎಂದಳು.

"ದೋಣಿ ತಡವಾದ್ರೆ ನೀರು ತಣ್ಣಗಿತ್ತಾ ಅಂತ ಯಾರಾದ್ರೂ ಕೇಳ್ತಾರೇನೇ?" ಎಂದಳು ತಾಯಿ. "ನಿನ್ನ ರಾಣಿಗೆ ತಲೆ ನೆಟ್ಟಗಿಲ್ಲ."

ವರ್ಷದ ಕೊನೆಯ ಭಾನುವಾರ ಮನೆಯವರ ಮುಂದೆ ನಾಟಕ ಓದುವುದೆಂದು ಮೇಡಂ ಸಾರಿದರು. ಮನೆಯವರಿಗೂ ತಿಳಿಯಲೆಂದು ಎಲ್ಲವೂ ಎರಡೆರಡು ಭಾಷೆಯಲ್ಲಿ. ಟೈಲರಮ್ಮ ಕರೆತರಬೇಕಾದದ್ದು ತಾಯಿಯನ್ನು. ತರಗತಿ ಬಿಟ್ಟ ಮೇಲೆ ಒಬ್ಬಳೇ ಹಿಂದೆ ಉಳಿದು, ಬೆಂಚಿನ ಅಂಚು ಕೆರೆಯುತ್ತ, ಎಲ್ಲವನ್ನೂ ಹೇಳಿಬಿಟ್ಟಳು.

ಮೇಡಂ ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟರು. "ನೀನು ಇಂಗ್ಲಿಷಲ್ಲಿ ಮಾತ್ರ ಹೇಳು, ಸಾಕು," ಎಂದರು. "ಮುಖ ನೋಡಿ ಹೇಳಿ ಅಂತ ನಿಮಗೆಲ್ಲ ಹೇಳ್ದೆ. ಯಾರ ಮುಖ ಅಂತ ಕೇಳಬೇಕಿತ್ತು ನಾನು."

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಟೈಲರಮ್ಮ ಸ್ವಲ್ಪ ನಿರಾಳವಾಗಿಯೇ ಎದ್ದಳು. ತಾಯಿ ಅಷ್ಟರಲ್ಲಿ ತಲೆ ಬಾಚಿ, ಇರುವುದರಲ್ಲೇ ಒಳ್ಳೆಯ ಸೀರೆ ಉಟ್ಟು, ಮಂಚದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಕಾಗದವಿತ್ತು. ಮಗಳ ಚೀಲದಿಂದ ತಾನೇ ತೆಗೆದುಕೊಂಡಿದ್ದಳು.

"ಇದನ್ನ ನಿಮ್ಮ ಮೇಡಂ ಕೈಲಿ ಒಂದ್ಸಲ ಓದಿಸ್ತೀನಿ," ಎಂದಳು. "ನೀನು ಅವಸರದಲ್ಲಿ ಓದ್ತೀಯ."

ಟೈಲರಮ್ಮ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿಗೆ ಹಾಕಿ ಇನ್ನೊಂದು ಕಾಲು ಬರಿದಾಗಿಯೇ ನಿಂತುಬಿಟ್ಟಳು. ಹೊಸ ಸುಳ್ಳೊಂದನ್ನು ಹುಡುಕಿದಳು. ಎಂಟು ತಿಂಗಳು ಕೈಕೊಡದ ನಾಲಿಗೆ ಅವತ್ತು ಕೈಕೊಟ್ಟಿತು. ಇನ್ನೊಬ್ಬರ ಬಾಯಿಂದ ಕೇಳುವುದು ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದು ತಾಯಿಗೆ ಬೇಡ.

ದಿನಾ ನಿಲ್ಲುವ ಬಾಗಿಲಲ್ಲೇ ನಿಂತಳು. ತಾಯಿಯ ಮುಖ ನೋಡಿದಳು. ನಿಯಮದಂತೆ ಮೊದಲು ಮನೆಮಾತಿನಲ್ಲಿ ಹೇಳಿದಳು.

"ಅಮ್ಮಾ, ದೋಣಿ ಮಗುಚಿಕೊಳ್ತು. ನಿನ್ನ ಮಗ ಬರಲ್ಲ. ಅವನು ಸಿಗಲೇ ಇಲ್ಲ."

ಹೇಳಿ ಮುಗಿದ ಮೇಲೆ ಇಂಗ್ಲಿಷಿನ ಸಾಲು ನೆನಪಿಗೂ ಬರಲಿಲ್ಲ. ತಾಯಿ ಅಳಲಿಲ್ಲ. ಕಾಗದದ ಮೂಲೆಯಲ್ಲಿದ್ದ ಮೆಷಿನ್ ಎಣ್ಣೆಯ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು.

"ಎಂಟು ಕಾಗದಕ್ಕೂ ಒಂದೇ ಕಡೆ ಕಲೆ ಆಗತ್ತೇನೇ?" ಎಂದಳು. "ನನಗೆ ಅಕ್ಷರ ಬರಲ್ಲ, ಕಣ್ಣು ಕಾಣತ್ತೆ. ನೀನಾಗೇ ಹೇಳ್ಲಿ ಅಂತ ಕಾದೆ."

ಟೈಲರಮ್ಮ ಹೊಸ್ತಿಲ ಮೇಲೆ ಕೂತಳು. ಕೂತವಳನ್ನು ನೋಡುತ್ತ ತಾಯಿ, ಇಷ್ಟು ದಿನ ಇಂಗ್ಲಿಷಿನಲ್ಲಿ ಕೇಳುತ್ತಿದ್ದುದನ್ನು ತನ್ನ ಮಾತಿನಲ್ಲಿ ಕೇಳಿದಳು.

"ನೀರು ತಣ್ಣಗಿತ್ತೇನೇ?"

ದೂತೆಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬೆಚ್ಚಗಿತ್ತು ಎಂದು ನೂರು ಸಲ ಹೇಳಿದ್ದಳು.

"ಗೊತ್ತಿಲ್ಲಮ್ಮ," ಎಂದಳು. "ಕಾಗದದಲ್ಲಿ ಅದನ್ನ ಬರೆದಿಲ್ಲ."

"ಬರೆದಿರೋದನ್ನೇ ಓದು ಹಾಗಾದ್ರೆ."

ತಾಯಿ ಎದ್ದು ಬಂದು ಪಕ್ಕದಲ್ಲಿ ಕೂತು ಕಾಗದವನ್ನು ಕೈಗಿತ್ತಳು. ಟೈಲರಮ್ಮ ಅದನ್ನು ಬಿಡಿಸಿದಳು. ಲಾಂಡ್ರಿಯ ಮೇಲೆ ಅಷ್ಟು ಹೊತ್ತಿಗೆ ನಾಟಕ ಶುರುವಾಗಿರಬೇಕು. ಅವಳು ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಈಗ ಅವಳಿಗೆ ಓದಲು ಬರುತ್ತಿತ್ತು.