ಮಾತ್ರೆ ಅಕ್ಕನ ಮುಕ್ಕಾಲು ಗಂಟೆ

ಆಸ್ಪತ್ರೆ ಎದುರಿನ ಔಷಧಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಚೀಟಿ ಓದಿ ಔಷಧಿ ಕೊಡುತ್ತಿದ್ದವಳನ್ನು ಬೀದಿಯವರೆಲ್ಲ ಮಾತ್ರೆ ಅಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಅಕ್ಷರ ಅವಳಿಗೆ ನೀರು ಕುಡಿದಷ್ಟು ಸಲೀಸು.

ಒಂದು ಮಂಗಳವಾರ ಹನ್ನೊಂದೂವರೆಗೆ ಯಾರಿಗೋ ಜ್ವರದ ಮಾತ್ರೆ ಕತ್ತರಿಸುತ್ತಿದ್ದಳು. ಕಣ್ಣೆತ್ತಿದರೆ ಗಡಿಯಾರದಲ್ಲಿ ಹನ್ನೆರಡೂಕಾಲು! ಕತ್ತರಿ ಕೈಯಲ್ಲೇ ಇದೆ, ಎದುರಿಗೆ ನಿಂತವರು ಬೇರೆ. ನಡುವಿನ ಮುಕ್ಕಾಲು ಗಂಟೆಯನ್ನು ಎಷ್ಟು ತಡಕಾಡಿದರೂ ಸಿಗಲಿಲ್ಲ. ಬಿಸಿಲಿಗೆ ಮಂಕು ಹಿಡಿದಿರಬೇಕು ಎಂದುಕೊಂಡು ಸುಮ್ಮನಾದಳು.

ಮರುದಿನ ಒಬ್ಬ ಅಜ್ಜಿ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ. ನನ್ನ ಮೊಮ್ಮಗಳನ್ನ ಉಳಿಸ್ದೆ."

"ನಾನಾ? ಯಾವಾಗ ಅಜ್ಜಿ?"

"ನಿನ್ನೆ, ಹನ್ನೆರಡು ಗಂಟೆಗೆ! ಎರಡೂವರೆ ಎಂ.ಎಲ್. ಬರೆಯೋ ಕಡೆ ಡಾಕ್ಟರು ಚುಕ್ಕಿ ಮರೆತು ಇಪ್ಪತ್ತೈದು ಮಾಡಿದ್ರಲ್ಲ. ನೀನೇ ತಾನೆ ಫೋನ್ ಮಾಡಿ ತಿದ್ದಿಸಿದ್ದು?"

ಅಂಗಡಿ ಯಜಮಾನರು ಹೆಮ್ಮೆಯಿಂದ ಬೀಗಿದರು. ಅವಳು ಮಾತ್ರ ನಂಬಲಿಲ್ಲ. ಚೀಟಿಯ ನಕಲು ತೆಗೆದು ನೋಡಿದಳು. ತಿದ್ದಿದ ಅಕ್ಷರ ಅವಳದೇ, ಕೆಳಗೆ ಸಹಿಯೂ ಅವಳದೇ.

ಇದೊಂದು ಸರಿಹೋಯಿತು, ಉಳಿದವು? ಆ ಹೊತ್ತಿನ ಚೀಟಿಗಳು ಹನ್ನೊಂದು. ಒಬ್ಬೊಬ್ಬರಿಗೂ ಫೋನ್ ಮಾಡಿ, ಡಬ್ಬಿ ಮೇಲಿನ ಹೆಸರು ಓದಿಸಿದಳು. ಎಲ್ಲವೂ ಸರಿ. ತಪ್ಪು ಸಿಗಲಿಲ್ಲವೆಂದು ನಿರಾಳವಾಗಬೇಕಿತ್ತು, ಬದಲಿಗೆ ಹನ್ನೊಂದೂ ಚೀಟಿಗಳನ್ನು ಮತ್ತೆ ಮೊದಲಿಂದ ಓದತೊಡಗಿದಳು.

ಮನೆಯಲ್ಲಿ ಹೇಳಿದರೆ ಗಂಡ ನಕ್ಕುಬಿಟ್ಟ. "ದಿನಾ ನನ್ನ ಮಾತಿಗೆ ಹೂಂ ಹೂಂ ಅಂತೀಯ. ಒಂದು ದಿನ ಆದ್ರೂ ಕೇಳಿಸ್ಕೊಂಡಿದ್ದೀಯಾ?" ಅವಳ ಮುಖ ನೋಡಿದವನೇ ನಗು ನುಂಗಿ, ಅವತ್ತೇ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. "ಆಗ ನಿಮಗೆ ಅರಿವೇ ಇರಲಿಲ್ಲವೋ, ಇದ್ದದ್ದು ಆಮೇಲೆ ಅಳಿಸಿಹೋಯ್ತೋ, ನಾನಂತೂ ಹೇಳಲಾರೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ."

"ಮತ್ತೆ ಆ ಚುಕ್ಕಿ ಕಂಡುಹಿಡಿದದ್ದು ಯಾರು?"

"ಹತ್ತೊಂಬತ್ತು ವರ್ಷದ ಅಭ್ಯಾಸ ಇರಬಹುದು."

"ಅಭ್ಯಾಸಕ್ಕೆ ಅಷ್ಟು ಗೊತ್ತಿದ್ರೆ ನಾನ್ಯಾಕೆ ಡಾಕ್ಟ್ರೇ, ಮಧ್ಯದಲ್ಲಿ?"

ಅವರು ಸ್ಕ್ಯಾನನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರು. ಅವಳಿಗೆ ಸಿಟ್ಟು ಬಂತು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

ಆ ಹನ್ನೊಂದರಲ್ಲಿ ನಿವೃತ್ತ ಮೇಷ್ಟ್ರೊಬ್ಬರದೂ ಒಂದು ಚೀಟಿ. ಅವರು ಪಕ್ಕದ ಬೀದಿಯವರು. ಸಂಜೆ ಅವರ ಮನೆಗೇ ನಡೆದಳು. "ಮೇಷ್ಟ್ರೇ, ನಿಜ ಹೇಳಿ, ಅವತ್ತು ನಾನು ಹೇಗಿದ್ದೆ? ಪೆಚ್ಚುಪೆಚ್ಚಾಗಿ?"

"ಇಲ್ಲಮ್ಮ. ನೀನು ಯಾವಾಗಿನ ಹಾಗೆ ನನ್ನ ಮಂಡಿನೋವು ವಿಚಾರಿಸ್ದೆ. ಮೆಟ್ಟಿಲು ಜಾಸ್ತಿ ಹತ್ತಬೇಡಿ ಅಂತ ಗದರಿದೆ."

ಇದು ಅವಳನ್ನು ಹಿಂಡಿಬಿಟ್ಟಿತು. ಲೆಕ್ಕ, ಓದು ಕೈಗೆ ಒಗ್ಗಿದ್ದು, ಹೋಗಲಿ. ಅಕ್ಕರೆಯೂ ಹಾಗೇನಾ? ಇಷ್ಟು ವರ್ಷ ವಿಚಾರಿಸಿದ್ದರಲ್ಲಿ ತಾನು ಎಷ್ಟು ಸಲ ಅಲ್ಲಿದ್ದೆ? ದಾರಿಯುದ್ದಕ್ಕೂ ಎದುರಾದವರು "ಊಟ ಆಯ್ತಾ ಅಕ್ಕ" ಎಂದರೆ, ಇವರಾದರೂ ಒಳಗಿದ್ದಾರೋ ಇಲ್ಲವೋ ಎಂದು ಮುಖ ದಿಟ್ಟಿಸಿದಳು.

ಮರುದಿನ ಯಜಮಾನರಿಗೆ ಎಲ್ಲ ಬಿಚ್ಚಿ ಹೇಳಿದಳು. "ಇನ್ಮೇಲೆ ನಾನು ಒಬ್ಬಳೇ ಕೊಡಲ್ಲ. ನಾನು ಕೊಟ್ಟದ್ದನ್ನ ಇನ್ನೊಬ್ಬರು ನೋಡಿ ಸಹಿ ಹಾಕಬೇಕು."

"ತಪ್ಪೇ ಆಗಿಲ್ವಲ್ಲ ಮಾರಾಯ್ತಿ!"

"ಅದೇ ನನಗೆ ಭಯ. ತಪ್ಪಾಗಿದ್ರೆ ಗೊತ್ತಾದ್ರೂ ಆಗ್ತಿತ್ತು."

ಯಜಮಾನರು ಗೊಣಗುತ್ತಲೇ ಫಾರ್ಮಸಿ ಓದಿದ ತಮ್ಮ ತಂಗಿಯನ್ನು ಅವಳ ಪಕ್ಕಕ್ಕೆ ಕೂರಿಸಿದರು. ಸಾಲು ನಿಧಾನವಾಯಿತು, ಗಿರಾಕಿಗಳು ಬಾಯಿ ಮಾಡಿದರು. ಅವಳು ಜಗ್ಗಲಿಲ್ಲ.

ಎರಡು ವರ್ಷವಾಯಿತು, ಅಂಥದ್ದು ಮತ್ತೆ ಆಗಿಲ್ಲ. ಆಗಿದ್ದರೆ ಪಕ್ಕದವಳಿಗೂ ಗೊತ್ತಾಗುತ್ತಿರಲಿಲ್ಲ ಎಂದು ಮಾತ್ರೆ ಅಕ್ಕನೇ ಹೇಳುತ್ತಾಳೆ. ಅದಕ್ಕೇ ಈಗ ಮನೆಯಲ್ಲಿ ಗಂಡ ಮಾತಾಡುವಾಗ ಹೂಂ ಅನ್ನುವುದನ್ನೇ ಬಿಟ್ಟಿದ್ದಾಳೆ. ಕೈಲಿದ್ದ ಕೆಲಸ ಪಕ್ಕಕ್ಕಿಟ್ಟು, ತಿರುಗಿ ಕೂತು, ಅವನನ್ನೇ ನೋಡುತ್ತಾಳೆ. ಪಾಪ, ಅವನಿಗೆ ಅರ್ಧ ಮಾತು ಮರೆತೇಹೋಗುತ್ತದೆ.