ನಿಲ್ಲದ ಹಾಡಿನ ಪರೀಕ್ಷೆ

ಕಪಾಟು ಖಾಲಿ ಮಾಡುತ್ತಿದ್ದ ನನ್ನ ಹೆಂಡತಿ ಹಳೇ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಅಂಗೈಯಗಲದ ಹಸಿರು ಹಲಗೆಯೊಂದನ್ನು ಎತ್ತಿ ಹಿಡಿದು, "ಇದನ್ನ ಗುಜರಿಗೆ ಹಾಕ್ಲೇನ್ರೀ?" ಎಂದಳು. ಮೂಗಿನ ಹತ್ತಿರ ತಂದರೆ ಬೆಸುಗೆಯ, ಬೆಂದ ಧೂಳಿನ ವಾಸನೆ ಇನ್ನೂ ಇತ್ತು. ಬೇಡ ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಹಳೇ ಸಾಮಾನಿನ ವಿಷಯದಲ್ಲಿ ನನ್ನನ್ನು ಕೇಳುವುದನ್ನು ಅವಳು ಬಿಟ್ಟು ಬಹಳ ಕಾಲವಾಯಿತು. ನೀವಾದರೂ ಕೇಳಿ.

ಅದು ರೇಡ್ ಕಾರ್ಡು. ಕಂಪ್ಯೂಟರಿಗೆ ಸಿಕ್ಕಿಸಿ ಎರಡು ಡಿಸ್ಕು ಜೋಡಿಸಿದರೆ, ಬರೆದದ್ದನ್ನೆಲ್ಲ ಎರಡರಲ್ಲೂ ಬರೆಯುತ್ತದೆ. ಒಂದು ಕೆಟ್ಟರೂ ಇನ್ನೊಂದರಿಂದ ಕೆಲಸ ಸಾಗುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನೂ ಗೆಳೆಯ ನಂಜುಂಡನೂ ಚಿಕ್ಕಬಳ್ಳಾಪುರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿದ್ದೆವು. ಯಾವುದೋ ಕಂಪನಿ ತನಗೆ ಬೇಡವಾದ ಇಂಥ ಕಾರ್ಡುಗಳನ್ನು ರಟ್ಟಿನ ಪೆಟ್ಟಿಗೆ ತುಂಬ ಕಾಲೇಜಿಗೆ ದಾನ ಮಾಡಿತ್ತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ನಮ್ಮ ಉದ್ಯೋಗವೇ ಮೊಳ ಹಾಕುವುದಾಯಿತು. ವಿಂಡೋಸಿನ ಬದಲು ನಮ್ಮ ಕಂಪ್ಯೂಟರುಗಳಲ್ಲಿ ಹಾಕಿದ್ದ ಲಿನಕ್ಸಿನಲ್ಲಿ ಯಾವ ಕಾರ್ಡು ನಡೆಯುತ್ತದೆ, ಯಾವುದು ಕೈಕೊಡುತ್ತದೆ ಎಂದು ನೋಡಿ ಹೇಳಬೇಕಿತ್ತು.

ಪರೀಕ್ಷೆಯ ಕ್ರಮ ನಂಜುಂಡನದೇ. ಅವನ ತಂದೆ ಹನುಮಂತಪ್ಪನವರು ಮಂಚೇನಹಳ್ಳಿಯ ಭಜನೆಯಲ್ಲಿ ತತ್ವಪದ ಹಾಡುತ್ತಿದ್ದವರು, ಅರ್ಧ ಕನ್ನಡ, ಅರ್ಧ ತೆಲುಗು. ಅವರ ಒಂದು ಗಂಟೆಯ ಹಾಡಿನ ಕ್ಯಾಸೆಟ್ಟನ್ನು ನಂಜುಂಡ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಹಾಗೆ ಇಳಿಸಿದ ಮೇಲೆ ಕ್ಯಾಸೆಟ್ಟು ಪ್ಲೇಯರಿನಲ್ಲಿ ಸಿಕ್ಕಿ ಸುಕ್ಕಾಗಿ ಹರಿದುಹೋಗಿತ್ತು. ನಾವು ಆ ಹಾಡನ್ನು ಡಿಸ್ಕಿಗೆ ತುಂಬಿ, ಹಾಡಲು ಬಿಟ್ಟು, ನಡುವೆ ಒಂದು ಡಿಸ್ಕಿನ ತಂತಿ ಕಿತ್ತುಬಿಡುತ್ತಿದ್ದೆವು. ಕಾರ್ಡು ಪೀ ಪೀ ಎಂದು ಬಡಿದುಕೊಳ್ಳುತ್ತಿತ್ತು. ಹಾಡು ನಿಂತರೆ ಕಾರ್ಡು ಫೇಲು, ನಿಲ್ಲದಿದ್ದರೆ ಪಾಸು. "ಬದುಕಿರೋವಾಗ ಎಲ್ರೂ ಕೆಲ್ಸ ಮಾಡ್ತಾರೆ ಕಣೋ. ಒಂದು ಕಾಲು ಮುರ್ದಾಗ ನಡೀಬೇಕು" ಎನ್ನುತ್ತಿದ್ದ. ಪರೀಕ್ಷೆ ಮುಗಿದ ಕೂಡಲೇ ಡಿಸ್ಕು ಅಳಿಸಿ ಮುಂದಿನ ಕಾರ್ಡಿಗೆ ಜೋಡಿಸುತ್ತಿದ್ದೆವು. ಹೀಗೆ ಹನುಮಂತಪ್ಪನವರ ದನಿ ಎಷ್ಟೋ ಡಿಸ್ಕುಗಳಿಗೆ ಹೋಗಿ ಅಳಿದುಹೋಯಿತು. ನನಗಂತೂ ಅವರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಎಂಬುದೂ ಬಾಯಿಪಾಠವಾಗಿತ್ತು.

ಆಮೇಲೆ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಮನೆಗೆ ಬಂದ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನಂಜುಂಡ ತಾನು ತಂದಿದ್ದ ಹಳೇ ಕಂಪ್ಯೂಟರಿಗೆ ಪಾಸಾದ ಕಾರ್ಡೊಂದನ್ನು ಪ್ರಿನ್ಸಿಪಾಲರನ್ನು ಕೇಳಿ ಹಾಕಿಕೊಂಡ. ಎರಡು ಡಿಸ್ಕು ಜೋಡಿಸಿ ಹಾಡು ತುಂಬಿ ನಡುಮನೆಯಲ್ಲಿಟ್ಟ. ಸಂಜೆ ಹಾಡು ಶುರುವಾದರೆ ಹನುಮಂತಪ್ಪನವರು ಎದ್ದು ಕೂತು, ತಮ್ಮದೇ ದನಿಗೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರಂತೆ. ಊಟವೂ ಆಮೇಲೆಯೇ. ಒಂದು ಸೀಡಿಗೂ ಹಾಕಿಡೋ ಎಂದು ನಾನು ಹೇಳಿದ್ದೆ. "ಸೀಡಿಗೆ ಗೀರು ಬೀಳುತ್ತೆ. ಎರಡು ಡಿಸ್ಕಿದೆಯಲ್ಲೋ, ನಾವೇ ಸಾಯಿಸಿ ನೋಡಿರೋ ಕಾರ್ಡು" ಎಂದ. ನನಗೂ ಸರಿಯೆನಿಸಿತು.

ಆ ಕಾರ್ಡಿಗೊಂದು ಕೊರತೆಯಿತ್ತು. ಅದರ ಯೋಗಕ್ಷೇಮ ನೋಡುವ ಸಾಫ್ಟ್‌ವೇರು ವಿಂಡೋಸಿಗೆ ಮಾತ್ರ ಇತ್ತು, ನಾವು ಹಾಕಿದ್ದ ಲಿನಕ್ಸಿಗೆ ಇರಲಿಲ್ಲ. ಡಿಸ್ಕು ಕೆಟ್ಟರೆ ಹೇಳಲು ಅದಕ್ಕಿದ್ದ ಬಾಯಿ ಆ ಪೀ ಪೀ ಒಂದೇ. ಇತ್ತ ಮನೆಯಲ್ಲಿ, ಮಾತಿಲ್ಲದ ಯಜಮಾನರು ಹೆಂಡತಿಯನ್ನು ಕರೆಯಲೆಂದು ಮಂಚದ ಪಕ್ಕ ಬೆಲ್ಲಿನ ಗುಂಡಿಯೊಂದನ್ನು ಕೂಡಿಸಿದ್ದರು. ಒತ್ತಿದರೆ ಅಡುಗೆಮನೆಯಲ್ಲಿ ಅಂಥದೇ ಪೀ ಪೀ. ಒಂದು ದಿನ ಮೊದಲ ಡಿಸ್ಕು ಕೆಟ್ಟು ಕಾರ್ಡು ಕೂಗತೊಡಗಿದಾಗ ನಂಜುಂಡ ಚಿಕ್ಕಬಳ್ಳಾಪುರದಲ್ಲಿದ್ದ. ಅವನ ತಾಯಿ ಗಂಡ ಕರೆಯುತ್ತಿದ್ದಾರೆಂದು ಒಲೆಗೂ ಮಂಚಕ್ಕೂ ಓಡಿ ಸುಸ್ತಾದರು. ಕೊನೆಗೆ ಆ ಗುಂಡಿ ಕೂಡಿಸಿದ್ದ ವೈರಿಂಗಿನವನನ್ನೇ ಕರೆಸಿ, ಕಂಪ್ಯೂಟರು ಬಿಚ್ಚಿಸಿ, ಕೂಗುವ ಬಿಲ್ಲೆಯನ್ನು ಕೀಳಿಸಿದರು. ಮಗ ಬಂದಾಗ ಹಾಡು ಎಂದಿನಂತೆ ನಡೆಯುತ್ತಿತ್ತು. ಅವನೇಕೆ ಅನುಮಾನಪಡುತ್ತಾನೆ?

ಕೆಲವು ತಿಂಗಳ ಮೇಲೆ ಎರಡನೆಯ ಡಿಸ್ಕೂ ಹೋಯಿತು. ಲ್ಯಾಬಿನ ಕಂಪ್ಯೂಟರುಗಳನ್ನು ಅಷ್ಟರಲ್ಲಿ ಅಳಿಸಿ ಬೇರೆ ಕೆಲಸಕ್ಕೆ ಹಾಕಿದ್ದರು, ಹಾಡಿನ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಆಗಲೇ ಆ ತಾಯಿ ಹೇಳಿದ್ದು: "ಪೀಪೀ ತೆಗ್ಸಾಕ್ದೆ ಕಣಪ್ಪ. ಇವ್ರು ಕರೀತಾವ್ರೋ ಅದು ಕರೀತದೋ ಗೊತ್ತಾಗ್ತಿರ್ಲಿಲ್ಲ. ನಿಜವಾಗ್ಲೂ ಇವ್ರೇ ಕರ್ದಾಗ ನಾನು ಹೋಗ್ದೆ ಇದ್ರೆ?" ನಂಜುಂಡ ಬೆಂಗಳೂರಿಗೆ ಎರಡೂ ಡಿಸ್ಕು ಹೊತ್ತು ತಿರುಗಿದ; ಅದರಲ್ಲಿದ್ದದ್ದನ್ನು ತೆಗೆಯಲಾಗುವುದಿಲ್ಲ ಎಂದರು ರಿಪೇರಿಯವರು. ತಂದೆಗೆ ಮಾತ್ರ ಕಂಪ್ಯೂಟರು ರಿಪೇರಿಗೆ ಹೋಗಿದೆ ಎಂದು ಹೇಳುತ್ತಾ ಬಂದ.

ಹೀಗಿರುವಾಗ ಒಂದು ಭಾನುವಾರ ನಾನು ಮಂಚೇನಹಳ್ಳಿಗೆ ಹೋದಾಗ ಹನುಮಂತಪ್ಪನವರು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ತಮ್ಮ ಗಂಟಲು ಮುಟ್ಟಿಕೊಂಡು, ಆಮೇಲೆ ನನ್ನ ಬಾಯಿಯತ್ತ ಬೆರಳು ತೋರಿಸಿದರು. ನಾನು ಹಾಡಿದರೆ ಹಸು ಹಾಲು ಬಿಡುವುದಿಲ್ಲ ಎಂದು ನಮ್ಮ ಮನೆಯಲ್ಲಿ ಪ್ರತೀತಿ. ಆದರೂ ಹಾಡಿದೆ. ಅವರು ಉಸಿರು ಎಳೆಯುತ್ತಿದ್ದಲ್ಲೇ ಎಳೆದು, ಎತ್ತುತ್ತಿದ್ದಲ್ಲೇ ಎತ್ತಲು ಹೋಗಿ ಕೀರಲಾಗಿ, ಒಂದು ಪದ ಪೂರ್ತಿ ಹಾಡಿದೆ. ಅವರ ಕೈ ಸ್ವಲ್ಪ ಹೊತ್ತು ತಾಳ ಹಾಕಿತು, ಆಮೇಲೆ ನಿಂತಿತು. ಬಾಗಿಲಲ್ಲಿದ್ದ ಮಗನ ಕಡೆ ತಿರುಗಿ ತುಟಿ ಆಡಿಸಿದರು. ಸದ್ದಿಲ್ಲದಿದ್ದರೂ ಏನೆಂದು ನಮ್ಮಿಬ್ಬರಿಗೂ ತಿಳಿಯಿತು: "ಹೋಯ್ತಾ?"

ನಂಜುಂಡ ಹೌದೆಂದು ತಲೆಯಾಡಿಸಿದ. ಅವರು ಅವನನ್ನು ಕರೆದು ತಲೆ ಸವರಿದರು. ಆಮೇಲೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಮುಂದಿನ ಬೇಸಗೆಯ ಹೊತ್ತಿಗೆ ಅವರಿರಲಿಲ್ಲ. ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ನಂಜುಂಡ ಆ ಕಾರ್ಡು ಕಿತ್ತು ನನ್ನ ಕೈಗಿತ್ತ.

ಇವತ್ತು ಹೆಂಡತಿ ಅಡುಗೆಮನೆಗೆ ಹೋದ ಮೇಲೆ ಕಣ್ಣು ಮುಚ್ಚಿ ಕೂತೆ. ಅಷ್ಟು ಸಲ ಕೇಳಿದವನು ನಾನು, ನನ್ನ ಕಿವಿಯಲ್ಲಾದರೂ ಅದು ಇರಬೇಕಲ್ಲವೇ? ಪದಗಳೆಲ್ಲ ಬಂದವು. ಧಾಟಿ ಬಂತು. ಉಸಿರು ಎಳೆಯುವ ಜಾಗಗಳೂ ತಪ್ಪದೆ ಬಂದವು. ಆದರೆ ಹಾಡುತ್ತಿದ್ದವನು ನಾನು. ಅವತ್ತಿನ ನನ್ನ ಕೀರಲು ದನಿ. ಎಷ್ಟು ಹೊತ್ತು ಕಾದರೂ ಅವರು ಬರಲಿಲ್ಲ.